ಸರ್, ಒಂದು ಡೌಟು!

ಪಾಠ ಮುಗಿಯೋಕೆ ಇನ್ನು ಐದು ನಿಮಿಷ. ಬೋರ್ಡ್ ಒರೆಸುತ್ತಾ ಮೇಷ್ಟ್ರು ಕೇಳ್ತಾರೆ, "ಎನಿ ಡೌಟ್ಸ್?" ಇಡೀ ಕ್ಲಾಸು ಗಪ್‌ಚುಪ್. ಫ್ಯಾನ್ ತಿರುಗೋ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೇಷ್ಟ್ರು ಹೊರಗೆ ಹೋದ ಮರುಕ್ಷಣ ಕಾರಿಡಾರಿನಲ್ಲಿ ಶುರು: "ಮಗಾ, ಆ ಎರಡನೇ ಸ್ಟೆಪ್ ಹೇಗೆ ಬಂತೋ?"

ದಿನಕ್ಕೆ ಹತ್ತು ಸಲ ಕೇಳುವ ಈ 'ಡೌಟು' ಅನ್ನೋ ಪದಕ್ಕೆ ಅರ್ಥ ಹುಡುಕೋ ಕೆಲಸ ನಾವ್ಯಾರೂ ಮಾಡಿರಲಿಲ್ಲ. ಮಾಡುವ ಹಾಗೆ ಆಗಿದ್ದು ಒಂದು ಇಮೇಲ್‌ನಿಂದ. ನಮ್ಮ ಗುಂಪಿನ ಒಬ್ಬಳು ರಜೆಯಲ್ಲಿ ಮನೆಯಿಂದಲೇ ಇಂಟರ್ನ್‌ಶಿಪ್ ಮಾಡುತ್ತಿದ್ದಳು. ಅವಳ ಗೈಡ್ ಇಂಗ್ಲೆಂಡಿನವರು. ಅವರು ಕಳಿಸಿದ ಗ್ರಾಫ್ ಒಂದರಲ್ಲಿ ಅಡ್ಡ ಅಕ್ಷದ ಯೂನಿಟ್ ಯಾವುದು ಅಂತ ಅವಳಿಗೆ ಗೊತ್ತಾಗಲಿಲ್ಲ. ಅಷ್ಟನ್ನು ಕೇಳೋಕೆ ಪೀಠಿಕೆಯಾಗಿ, "ಐ ಹ್ಯಾವ್ ಸಮ್ ಡೌಟ್ಸ್ ಅಬೌಟ್ ಯುವರ್ ರಿಸಲ್ಟ್ಸ್" ಅಂತ ಬರೆದು, ಮಾತಾಡಲು ಸಮಯ ಕೇಳಿದಳು. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಬಂದ ಮೇಲ್‌ನಲ್ಲಿ ಟೆಸ್ಟಿನ ಅಷ್ಟೂ ರೀಡಿಂಗುಗಳು, ಜೊತೆಗೆ ಒಂದೇ ಸಾಲಿನ ಪ್ರಶ್ನೆ: ಇದರಲ್ಲಿ ಯಾವುದು ತಪ್ಪು ಅಂತ ನಿನ್ನ ಅಭಿಪ್ರಾಯ?

ಅವಳು ಬರೆದದ್ದು "ನನಗೆ ಕೆಲವು ಪ್ರಶ್ನೆಗಳಿವೆ" ಅಂತ. ಅವರು ಓದಿದ್ದು "ನಿಮ್ಮ ಫಲಿತಾಂಶದ ಮೇಲೆ ನನಗೆ ನಂಬಿಕೆಯಿಲ್ಲ" ಅಂತ.

ತಪ್ಪು ಯಾರದು? ಮೊದಲು ನಮ್ಮ ಮಾತನ್ನೇ ನೋಡೋಣ. ಕನ್ನಡದಲ್ಲಿ ನಾವು ಡೌಟನ್ನು ಮೂರು ರೀತಿ ಬಳಸ್ತೀವಿ. "ಸರ್, ಒಂದು ಡೌಟು" ಅಂದರೆ ಪ್ರಶ್ನೆ. "ಅವನು ಬರೋದು ಡೌಟು" ಅಂದರೆ ಬರಲಿಕ್ಕಿಲ್ಲ. "ನನಗೆ ಅವನ ಮೇಲೇ ಡೌಟು" ಅಂದರೆ ಗುಮಾನಿ. ಯಾವ ಅರ್ಥ ಅನ್ನೋದು ಸಂದರ್ಭದಿಂದ ತಿಳಿಯುತ್ತೆ, ಯಾರಿಗೂ ಗೊಂದಲವಾಗಲ್ಲ. ಇಂಗ್ಲೆಂಡ್, ಅಮೆರಿಕದ ಇಂಗ್ಲಿಷಿನಲ್ಲಿ ಈ ಪದದ ಮುಖ್ಯ ಅರ್ಥ ಅನಿಶ್ಚಯ ಅಥವಾ ಅಪನಂಬಿಕೆ. ಕ್ಲಾಸಿನಲ್ಲಿ ಕೇಳುವ ಪ್ರಶ್ನೆಗೆ ಅಲ್ಲಿನವರು ಸಾಮಾನ್ಯವಾಗಿ ಡೌಟ್ ಅನ್ನಲ್ಲ, ಕ್ವೆಶ್ಚನ್ ಅಂತಾರೆ.

ಹಾಗಾದರೆ ನಮ್ಮ ಬಳಕೆ ಬಂದದ್ದೆಲ್ಲಿಂದ? ನಮ್ಮ ಭಾಷೆಗಳಿಂದಲೇ ಅನ್ನಬಹುದು. ಕನ್ನಡದ 'ಸಂದೇಹ' ಪ್ರಶ್ನೆಯೂ ಹೌದು, ಶಂಕೆಯೂ ಹೌದು. ತಮಿಳು, ತೆಲುಗಿನವರು ಅದೇ ಪದವನ್ನು ತಮ್ಮ ಉಚ್ಚಾರದಲ್ಲಿ ಹೀಗೇ ಬಳಸ್ತಾರೆ. ಮಲಯಾಳಿಗಳು 'ಸಂಶಯಂ' ಅಂತಾರೆ. ನಮ್ಮ ಸಂದೇಹಕ್ಕೆ ಇಂಗ್ಲಿಷ್ ಅಂಗಿ ಹಾಕಿದ್ದೇ ಈ ಡೌಟು. ಹಾಗಾಗಿ ಇದು ತಪ್ಪು ಇಂಗ್ಲಿಷ್ ಅಂತ ನಾಚಿಕೊಳ್ಳಬೇಕಿಲ್ಲ. ಭಾರತದ ಇಂಗ್ಲಿಷಿನಲ್ಲಿ ಇದು ಗಟ್ಟಿಯಾಗಿ ಕೂತಿರೋ ಬಳಕೆ. ಗಡಿ ದಾಟುವಾಗ ಮಾತ್ರ ಜೋಪಾನ.

ಇಂಗ್ಲಿಷಿನವರಿಗೂ ಈ ಪದ ಸುಲಭವಾಗಿ ಬಗ್ಗಿದ್ದಲ್ಲ. ಲ್ಯಾಟಿನ್ನಿನ 'ದುಬಿತಾರೆ' ಇದರ ಮೂಲ. ಅದರೊಳಗಿರೋದು ಎರಡು ಅನ್ನೋ ಅರ್ಥದ 'ದುವೊ'. ನಾವು 'ಎರಡು ಮನಸ್ಸು' ಅಂತೀವಲ್ಲ, ಅದೇ. ಜರ್ಮನ್ನರ 'ತ್ಸ್ವೈಫೆಲ್'ನಲ್ಲೂ ಎರಡೇ ಇದೆ. ಲ್ಯಾಟಿನ್ ಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವಾಗ ನಡುವಿನ 'ಬಿ' ಅಕ್ಷರ ಉದುರಿಹೋಗಿತ್ತು. ಮುಂದೆ ಲ್ಯಾಟಿನ್ ಅಭಿಮಾನಿ ಪಂಡಿತರು ಮೂಲ ನೆನಪಿರಲಿ ಅಂತ ಅದನ್ನು ಕಾಗುಣಿತಕ್ಕೆ ವಾಪಸ್ ಸೇರಿಸಿದರು. ಉಚ್ಚಾರಕ್ಕೆ ಸೇರಿಸೋಕೆ ಆಗಲಿಲ್ಲ. ಸಾಲ ಅನ್ನೋ ಅರ್ಥದ 'ಡೆಟ್' ಪದದ 'ಬಿ' ಕತೆಯೂ ಇದೇ.

ಅರ್ಥದಲ್ಲೂ ಜಾರುಗುಪ್ಪೆಯಿದೆ. "ಐ ಡೌಟ್ ಇಟ್ ವಿಲ್ ರೇನ್" ಅಂದರೆ ಸಾಮಾನ್ಯ ಇಂಗ್ಲಿಷಿನಲ್ಲಿ ಮಳೆ ಬರಲಿಕ್ಕಿಲ್ಲ ಅಂತ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಅದೇ ವಾಕ್ಯಕ್ಕೆ ಮಳೆ ಬಂದೀತು ಅನ್ನೋ ಅರ್ಥ! ನಗಬೇಡಿ, ನಮ್ಮಲ್ಲೂ ಹಾಗೇ. "ಮಳೆ ಬರೋದು ಡೌಟು" ಅಂದರೆ ಛತ್ರಿ ಬೇಡ. "ಮಳೆ ಬರುತ್ತೇನೋ ಅಂತ ಡೌಟು" ಅಂದರೆ ಛತ್ರಿ ಬೇಕು. ಇನ್ನು 'ನೋ ಡೌಟ್' ಅಂದರೆ ಖಂಡಿತ ಅಂತ ನಾವು ಅಂದುಕೊಳ್ತೀವಿ. "ನೋ ಡೌಟ್ ಯು ಆರ್ ಬಿಸಿ" ಅನ್ನುವಾಗ ಅದರಲ್ಲಿರೋದು 'ನೀವು ಬಿಸಿ ಇರಬಹುದು' ಅನ್ನುವಷ್ಟೇ ಬಲ. ಖಚಿತವಾಗಿ ಹೇಳಬೇಕಿದ್ದರೆ 'ವಿದೌಟ್ ಎ ಡೌಟ್' ವಾಸಿ.

ಈಗ ಮತ್ತೆ ಆ ಮೌನದ ಕ್ಲಾಸಿಗೆ ಬರೋಣ. ನಾವು ಯಾಕೆ ಕೈ ಎತ್ತಲ್ಲ? "ಡೌಟ್ ಇದೆ ಅಂದ್ರೆ ನಾನು ದಡ್ಡ ಅಂತ ಒಪ್ಪಿಕೊಂಡ ಹಾಗೆ" ಅನ್ನೋ ಭಯ. ಇದಕ್ಕೆ ಒಳ್ಳೆಯ ಉತ್ತರ ಹಳೆಯ ನ್ಯಾಯಶಾಸ್ತ್ರದಲ್ಲಿದೆ. ಗೌತಮನ ನ್ಯಾಯಸೂತ್ರ ತಿಳಿಯಬೇಕಾದ 16 ಪದಾರ್ಥಗಳನ್ನು ಪಟ್ಟಿ ಮಾಡುತ್ತೆ. ಅದರಲ್ಲಿ ಮೂರನೆಯದೇ ಸಂಶಯ. ಇದಕ್ಕೆ ಆ ಶಾಸ್ತ್ರದವರು ಕೊಡೋ ಪ್ರಸಿದ್ಧ ಉದಾಹರಣೆ: ಮಬ್ಬುಗತ್ತಲಲ್ಲಿ ದೂರದಲ್ಲಿ ಏನೋ ನೆಟ್ಟಗೆ ನಿಂತಿದೆ. ಅದು ಮರದ ಮೋಟೋ, ಮನುಷ್ಯನೋ?

ಸ್ವಲ್ಪ ಯೋಚಿಸಿ. ಈ ಡೌಟು ಬರಬೇಕಾದರೆ ಮೋಟು ಹೇಗಿರುತ್ತೆ ಅಂತಲೂ ಗೊತ್ತಿರಬೇಕು, ಮನುಷ್ಯ ಹೇಗಿರ್ತಾನೆ ಅಂತಲೂ ಗೊತ್ತಿರಬೇಕು. ಎರಡೂ ಗೊತ್ತಿಲ್ಲದವನಿಗೆ ಈ ಸಂಶಯ ಹುಟ್ಟೋದೇ ಇಲ್ಲ. ಅಂದರೆ ಡೌಟು ದಡ್ಡತನದ ಗುರುತಲ್ಲ, ಅರ್ಧ ದಾರಿ ನಡೆದು ಬಂದದ್ದರ ಗುರುತು.

ಆದರೆ ನಮ್ಮ ಎಲ್ಲ ಡೌಟುಗಳೂ ಒಂದೇ ಜಾತಿಯವಲ್ಲ. ಏಸಿ ಸರ್ಕ್ಯೂಟ್ ಪಾಠದಿಂದಲೇ ಮೂರನ್ನು ತಗೊಳ್ಳೋಣ.

"ಕೆಪ್ಯಾಸಿಟರ್‌ನಲ್ಲಿ ಕರೆಂಟು ವೋಲ್ಟೇಜಿಗಿಂತ ಮುಂದಿರೋದು ಯಾಕೆ?" ಇದು ಪ್ರಶ್ನೆ. ಇಂಗ್ಲಿಷಿನಲ್ಲಿ ಬರೆಯುವಾಗ 'ಐ ಹ್ಯಾವ್ ಎ ಕ್ವೆಶ್ಚನ್' ಸಾಕು.

"ಇಲ್ಲಿ 230 ವೋಲ್ಟ್ ಆರ್‌ಎಂಎಸ್ ಬೆಲೆ ಹಾಕಬೇಕೋ, ಸುಮಾರು 325 ವೋಲ್ಟ್ ಪೀಕ್ ಬೆಲೆ ಹಾಕಬೇಕೋ?" ಇದು ನಿಜವಾದ ಸಂಶಯ, ಮೋಟೋ ಮನುಷ್ಯನೋ ಅನ್ನೋ ಥರದ್ದು. 'ಐ ಆ್ಯಮ್ ನಾಟ್ ಶ್ಯೂರ್ ವೆದರ್' ಅಂತ ಶುರುಮಾಡಿ ಎರಡು ಆಯ್ಕೆಯನ್ನೂ ಬರೆದುಬಿಡಿ. ಎಷ್ಟೋ ಸಲ ಬರೆಯುವಾಗಲೇ ಉತ್ತರ ಹೊಳೆಯುತ್ತೆ.

"ಉತ್ತರದಲ್ಲಿ ಪವರ್ ಫ್ಯಾಕ್ಟರ್ 1.2 ಬಂದಿದೆ, ಅದು 1 ದಾಟೋಕೆ ಸಾಧ್ಯ ಇಲ್ವಲ್ಲ?" ಇದು ಆಕ್ಷೇಪ. ಇಂಗ್ಲಿಷಿನವರ ಡೌಟ್‌ಗೆ ಸರಿಯಾಗಿ ಹೊಂದೋದು ಇದೇ. ಇದನ್ನು ಕೇಳೋಕೆ ಧೈರ್ಯವೂ ಬೇಕು, ವಿನಯವೂ ಬೇಕು, ಕೈಯಲ್ಲಿ ಲೆಕ್ಕವೂ ಇರಬೇಕು.

ನಮ್ಮ ಗೆಳತಿ ಆಮೇಲೆ ಇನ್ನೊಂದು ಮೇಲ್ ಬರೆದಳು: ನಾನು ಕೇಳಬೇಕೆಂದಿದ್ದು ಯೂನಿಟ್ ಯಾವುದು ಅಂತ ಅಷ್ಟೇ, ನಮ್ಮ ಊರ ಕಡೆ ಪ್ರಶ್ನೆಗೂ ಡೌಟ್ ಅಂತೀವಿ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಆ ಅಕ್ಷಕ್ಕೆ ಯೂನಿಟ್ ಹಾಕೋದನ್ನು ಅವರೇ ಮರೆತಿದ್ದರಂತೆ! ರೀಡಿಂಗುಗಳೆಲ್ಲ ಸರಿಯಾಗೇ ಇದ್ದವು.

ಅವಳು ಕೇಳದೇ ಸುಮ್ಮನಿದ್ದಿದ್ದರೆ ಆ ಗ್ರಾಫು ಹಾಗೇ ರಿಪೋರ್ಟಿಗೆ ಹೋಗುತ್ತಿತ್ತು. ನಾಳೆ ಮೇಷ್ಟ್ರು "ಎನಿ ಡೌಟ್ಸ್?" ಅಂದಾಗ ನಿಮ್ಮದು ಈ ಮೂರರಲ್ಲಿ ಯಾವುದು ಅಂತ ಒಂದು ಕ್ಷಣ ನೋಡಿಕೊಳ್ಳಿ. ಆಮೇಲೆ ಕೈ ಎತ್ತಿ. ಕಾರಿಡಾರಿನಲ್ಲಿ ಕೇಳೋ ಪ್ರಶ್ನೆಯನ್ನು ಕ್ಲಾಸಿನಲ್ಲೇ ಕೇಳಿದರೆ ಬಾಯಿಬಿಡದೆ ಕೂತ ಉಳಿದವರಿಗೂ ಉಪಕಾರ.