ಗರ್ಭಿಣಿಯ ಎದೆಯುರಿ: ಯಾವುದು ಸಹಜ, ಯಾವುದು ಅಪಾಯ?

(ಸಂಘದ ಆರೋಗ್ಯ ಉಪನ್ಯಾಸದ ಬರೆಹ ರೂಪ)



ಈ ವಿಷಯವನ್ನು ಸೂಚಿಸಿದಾಗ, ಇಷ್ಟು ಚಿಕ್ಕ ತೊಂದರೆಗೆ ಒಂದು ಉಪನ್ಯಾಸವೇ ಎಂದು ಕೆಲವರು ನಕ್ಕರಂತೆ. ಎದೆಯುರಿ ಪ್ರಾಣಾಂತಿಕ ಕಾಯಿಲೆಯಲ್ಲ, ನಿಜ. ಆದರೆ ಏಳನೆಯ ತಿಂಗಳಲ್ಲಿ ರಾತ್ರಿ ಎರಡು ಗಂಟೆಗೆ ದಿಂಬಿಗೊರಗಿ ಕುಳಿತು ಬೆಳಗಾಗುವುದನ್ನೇ ಕಾಯುವ ಹೆಣ್ಣುಮಗಳು ಅದನ್ನು ಚಿಕ್ಕದೆನ್ನಲಾರಳು. ಊರಿನಲ್ಲಾಗಿದ್ದರೆ ತಾಯಿಯೋ ಅತ್ತೆಯೋ ಅಕ್ಕನೋ ಬಳಿಯಲ್ಲಿರುತ್ತಿದ್ದರು. ಅಮೆರಿಕದ ನಮ್ಮ ಮನೆಗಳಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ. ಹಿರಿಯರ ಸಲಹೆಯೆಲ್ಲ ದೂರವಾಣಿಯ ಮೂಲಕ.

ನಾನು ಹೇಳಬೇಕೆಂದಿರುವುದು ಎರಡೇ ಮಾತು. ಮೊದಲನೆಯದು, ಈ ಉರಿಯನ್ನು ಸುಮ್ಮನೆ ಸಹಿಸಿಕೊಳ್ಳಬೇಕಾಗಿಲ್ಲ. ಮಗುವಿಗೆ ತೊಂದರೆಯಾಗದಂತೆ ಶಮನ ಮಾಡುವ ದಾರಿಗಳುಂಟು. ಎರಡನೆಯದು, ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಬರುವ ನೋವೆಲ್ಲವೂ ಎದೆಯುರಿಯಲ್ಲ.

ಉರಿ ಬರುವುದು ಏಕೆ?

ಅನ್ನನಾಳವು ಜಠರವನ್ನು ಸೇರುವೆಡೆಯಲ್ಲಿ ಉಂಗುರದಂತಹ ಒಂದು ಸ್ನಾಯುವಿದೆ. ಆಹಾರ ಕೆಳಗಿಳಿಯುವಾಗ ಅದು ಸಡಿಲವಾಗುತ್ತದೆ, ಇಳಿದ ಬಳಿಕ ಬಿಗಿದುಕೊಳ್ಳುತ್ತದೆ. ಜಠರದ ಒಳಪದರವು ತನ್ನ ಆಮ್ಲವನ್ನು ತಾಳಿಕೊಳ್ಳಬಲ್ಲದು. ಅನ್ನನಾಳಕ್ಕೆ ಆ ಶಕ್ತಿಯಿಲ್ಲ. ಆಮ್ಲವು ಮೇಲಕ್ಕೆ ಉಕ್ಕಿದಾಗ ಎದೆಮೂಳೆಯ ಹಿಂದೆ ಉರಿ, ಗಂಟಲಿನಲ್ಲಿ ಹುಳಿತೇಗು. ಹೆಸರು ಎದೆಯುರಿಯಾದರೂ ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಬಸುರಿನಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಗರ್ಭಕೋಶವು ಅಕಾಲದಲ್ಲಿ ಸಂಕುಚಿಸದಂತೆ ಅದರ ಸ್ನಾಯುಗಳನ್ನು ಸಡಿಲಗೊಳಿಸುವುದು ಅದರ ಕೆಲಸಗಳಲ್ಲೊಂದು. ಆದರೆ ಅದು ರಕ್ತದ ಮೂಲಕ ದೇಹವನ್ನೆಲ್ಲ ಸುತ್ತುವುದರಿಂದ ಅನ್ನನಾಳದ ಈ ಉಂಗುರವನ್ನೂ ಸಡಿಲಗೊಳಿಸುತ್ತದೆ. ಮುಂದೆ ಬೆಳೆಯುವ ಗರ್ಭಕೋಶವು ಜಠರವನ್ನು ಕೆಳಗಿನಿಂದ ಒತ್ತುತ್ತದೆ. ಬಾಗಿಲು ಸಡಿಲ, ಕೆಳಗಿನಿಂದ ಒತ್ತಡ. ಅದಕ್ಕೇ ತಿಂಗಳು ತುಂಬಿದಂತೆ ಉರಿಯೂ ಹೆಚ್ಚುತ್ತದೆ, ಹೆರಿಗೆಯಾದೊಡನೆ ಸಾಮಾನ್ಯವಾಗಿ ಮಾಯವಾಗುತ್ತದೆ.

ಬಸುರಿಗೆ ಎದೆಯುರಿ ಬಂದರೆ ಮಗುವಿಗೆ ಕೂದಲು ಹೆಚ್ಚು ಎಂಬ ಮಾತನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ನಾನೂ ಇದನ್ನು ಮೂಢನಂಬಿಕೆಯೆಂದೇ ತಿಳಿದಿದ್ದೆ. 2006ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 64 ಗರ್ಭಿಣಿಯರನ್ನು ಪರಿಶೀಲಿಸಿ, ಉರಿ ಹೆಚ್ಚಾಗಿದ್ದವರ ಮಕ್ಕಳಿಗೆ ಕೂದಲೂ ಹೆಚ್ಚಾಗಿದ್ದುದನ್ನು ಕಂಡರು. ಎರಡಕ್ಕೂ ಒಂದೇ ಹಾರ್ಮೋನುಗಳು ಕಾರಣವಿರಬಹುದೆಂಬುದು ಅವರ ಊಹೆ. ಅಜ್ಜಿಯರ ಮಾತನ್ನು ಕೇಳದೆಯೇ ತಳ್ಳಿಹಾಕಬಾರದೆಂದು ನನಗೆ ಅಂದು ಅನ್ನಿಸಿತು. ಆದರೂ 64 ಜನರ ಪರಿಶೀಲನೆ ಬಹು ಚಿಕ್ಕದು. ಕೂದಲಿನ ಆಸೆಗಾಗಿ ಉರಿಯನ್ನು ಸಹಿಸಬೇಕಾಗಿಲ್ಲ.

ಮನೆಯಲ್ಲಿ ಮಾಡಬಹುದಾದುದು

ಔಷಧಕ್ಕೆ ಮೊದಲು ಊಟದ ಕ್ರಮವನ್ನು ನೋಡೋಣ. "ಇಬ್ಬರಿಗಾಗಿ ಉಣ್ಣು" ಎಂದು ತಟ್ಟೆಗೆ ಮತ್ತೆ ಮತ್ತೆ ಬಡಿಸುವುದು ನಮ್ಮವರ ಪ್ರೀತಿ. ಆದರೆ ತುಂಬಿದ ಜಠರವೇ ಉಕ್ಕುವುದು. ಮೂರು ದೊಡ್ಡ ಊಟಗಳ ಬದಲು ಐದಾರು ಬಾರಿ ಸ್ವಲ್ಪ ಸ್ವಲ್ಪ ಉಣ್ಣುವುದು ಲೇಸು. ನೀರನ್ನು ಊಟದ ಜೊತೆ ಲೋಟಗಟ್ಟಲೆ ಕುಡಿಯುವ ಬದಲು ನಡುವಿನ ವೇಳೆಯಲ್ಲಿ ಕುಡಿಯಬಹುದು.

ನಮ್ಮ ಮನೆಗಳ ದೊಡ್ಡ ತೊಡಕು ರಾತ್ರಿಯೂಟದ ಹೊತ್ತು. ಗಂಡ ಕೆಲಸದಿಂದ ಬಂದ ಮೇಲೆ ಒಂಬತ್ತೂವರೆಗೆ ಊಟ, ಹತ್ತಕ್ಕೆ ಹಾಸಿಗೆ. ಇದಕ್ಕಿಂತ ಉರಿಗೆ ಅನುಕೂಲವಾದ ಏರ್ಪಾಡು ಇನ್ನೊಂದಿಲ್ಲ. ಊಟಕ್ಕೂ ಮಲಗುವುದಕ್ಕೂ ಕನಿಷ್ಠ ಮೂರು ಗಂಟೆಗಳ ಅಂತರವಿರಲಿ. ಗಂಡಂದಿರು ಬೇಸರಿಸಬಾರದು, ಆಕೆ ಏಳಕ್ಕೆ ಉಂಡು, ನೀವು ಉಣ್ಣುವಾಗ ಜೊತೆಗೆ ಕುಳಿತರೆ ದಾಂಪತ್ಯಕ್ಕೇನೂ ಕೊರತೆಯಾಗದು.

ಸಾರು, ಹುಳಿಗಳನ್ನು ಪೂರ್ತಿಯಾಗಿ ಬಿಡಬೇಕೆಂದು ನಾನು ಹೇಳಲಾರೆ. ಕರಿದ ತಿಂಡಿ, ಮೆಣಸಿನಕಾಯಿಯ ಖಾರ, ಹುಣಸೆಹುಳಿ, ಟೊಮೆಟೊ, ಉಪ್ಪಿನಕಾಯಿ, ಚಾಕೊಲೇಟು, ಕಾಫಿ ಇವು ಅನೇಕರಿಗೆ ಆಗದು. ಎಲ್ಲರಿಗೂ ಎಲ್ಲವೂ ಆಗದೆಂದಿಲ್ಲ. ಒಂದು ವಾರ ತಿಂದದ್ದನ್ನೂ ಉರಿ ಬಂದ ಹೊತ್ತನ್ನೂ ಬರೆದಿಟ್ಟರೆ ನಿಮ್ಮ ಶತ್ರು ಯಾವುದೆಂದು ತಿಳಿಯುತ್ತದೆ. ಅದನ್ನು ಮಾತ್ರ ಬಿಡಿ. ಬಯಕೆಯ ದಿನಗಳಲ್ಲಿ ಎಲ್ಲವನ್ನೂ ನಿಷೇಧಿಸಿದರೆ ಆಕೆ ಉಣ್ಣುವುದಾದರೂ ಏನನ್ನು? ಕಾಫಿಯಲ್ಲಿರುವ ಕೆಫೀನು ಹೇಗಿದ್ದರೂ ದಿನಕ್ಕೆ 200 ಮಿಲಿಗ್ರಾಂ ಮೀರಬಾರದು. ಪುದೀನ ತಂಪೆಂಬ ನಂಬಿಕೆಯಿದೆ. ಆದರೆ ಅದು ಆ ಉಂಗುರವನ್ನು ಇನ್ನಷ್ಟು ಸಡಿಲಿಸಬಲ್ಲದು.

ಮಲಗುವಾಗ ಎಡಮಗ್ಗುಲು ಒಳ್ಳೆಯದು. ಆ ಭಂಗಿಯಲ್ಲಿ ಜಠರವು ಅನ್ನನಾಳಕ್ಕಿಂತ ಕೆಳಗಿರುವುದರಿಂದ ಆಮ್ಲವು ಏರುವುದು ಕಷ್ಟ. ದಿಂಬುಗಳನ್ನು ಪೇರಿಸಿದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಹೊಟ್ಟೆ ಇನ್ನೂ ಮಡಿಸಿಕೊಳ್ಳುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಭದ್ರವಾದ ಮರದ ತುಂಡುಗಳನ್ನಿಟ್ಟು ಆರರಿಂದ ಎಂಟು ಅಂಗುಲ ಎತ್ತರಿಸುವುದು ಲೇಸು. ಇನ್ನೊಂದು ಮಾತು: ಸೀಮಂತದ ದಿನ ರೇಷ್ಮೆ ಸೀರೆ ಜಾರದಿರಲೆಂದು ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟಿ, ಹಬ್ಬದೂಟ ಬಡಿಸಿ, ಆಕೆಯನ್ನು ಎಲ್ಲರ ಕಾಲಿಗೂ ಬಗ್ಗಿಸಿದರೆ ಸಂಜೆಗೆ ಉರಿ ಖಂಡಿತ. ಹಿರಿಯರು ಕುಳಿತಲ್ಲಿಂದಲೇ ಹರಸಲಿ.

ಔಷಧಗಳ ವಿಚಾರ

"ಬಸುರಿಯಲ್ಲಿ ಯಾವ ಮಾತ್ರೆಯೂ ಬೇಡ" ಎಂಬ ಹಟವೂ, "ಊರಿನಿಂದ ತಂದ ಮಾತ್ರೆಯಿದೆ, ನುಂಗು" ಎಂಬ ಧಾರಾಳವೂ ಎರಡೂ ತಪ್ಪು. ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಅಗಿಯುವ ಮಾತ್ರೆಗಳನ್ನು, ಉದಾಹರಣೆಗೆ ಟಮ್ಸ್, ಗರ್ಭಿಣಿಯರು ತೆಗೆದುಕೊಳ್ಳಬಹುದು. ಆದರೆ ಡಬ್ಬಿಯ ಮೇಲಿರುವ ಮಿತಿಯನ್ನು ಮೀರಬಾರದು. ಅತಿಯಾದ ಕ್ಯಾಲ್ಸಿಯಂ ಮೂತ್ರಪಿಂಡಗಳಿಗೆ ಹಾನಿಕರ. ಆಮ್ಲಶಾಮಕಗಳು ಕಬ್ಬಿಣದ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುವುದರಿಂದ ನಡುವೆ ಎರಡು ಗಂಟೆಗಳಾದರೂ ಇರಲಿ. ಥೈರಾಯ್ಡ್ ಮಾತ್ರೆಗಾದರೆ ನಾಲ್ಕು ಗಂಟೆ.

ಇದರಿಂದ ಶಮನವಾಗದಿದ್ದರೆ ಫ್ಯಾಮೊಟಿಡಿನ್, ಅದಕ್ಕೂ ಜಗ್ಗದಿದ್ದರೆ ಒಮೆಪ್ರಜೋಲ್ ಮುಂತಾದವುಗಳನ್ನು ನಿಮ್ಮ ವೈದ್ಯರು ಕೊಡಬಹುದು. ಗರ್ಭಿಣಿಯರಲ್ಲಿ ಇವುಗಳ ಬಳಕೆಯ ಅನುಭವ ಸಾಕಷ್ಟಿದೆ. ಹಿಂದೆ ಬಹಳ ಬಳಕೆಯಲ್ಲಿದ್ದ ರಾನಿಟಿಡಿನ್ ಮಾತ್ರೆಗಳನ್ನು, ಅವುಗಳಲ್ಲಿ ಕಂಡ ಒಂದು ಕಲ್ಮಶದ ಕಾರಣದಿಂದ, 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಮಾರುಕಟ್ಟೆಯಿಂದ ತೆಗೆಸಿತು. ಊರಿನಿಂದ ಬಂದ ಪೆಟ್ಟಿಗೆಯಲ್ಲಿ ಅವಿದ್ದರೆ ಪಕ್ಕಕ್ಕಿಡಿ.

ಅಡಿಗೆ ಸೋಡಾ, ಈನೋ ಮುಂತಾದವು ನಮ್ಮವರಿಗೆ ಬಲು ಪ್ರಿಯ. ಇವುಗಳಲ್ಲಿರುವ ಸೋಡಿಯಂ ಬೈಕಾರ್ಬೊನೇಟ್ ದೇಹದಲ್ಲಿ ನೀರು ನಿಲ್ಲಿಸಿ ಊತವನ್ನು ಹೆಚ್ಚಿಸಬಲ್ಲದು, ರಕ್ತದ ಕ್ಷಾರ-ಆಮ್ಲ ಸಮತೋಲನವನ್ನೂ ಕೆಡಿಸಬಲ್ಲದು. ಬಸುರಿನಲ್ಲಿ ಬೇಡ. ಪೆಪ್ಟೊ ಬಿಸ್ಮಾಲ್ ಸಹ ಬೇಡ. ಅದರಲ್ಲಿ ಆಸ್ಪಿರಿನ್ ಜಾತಿಯ ದ್ರವ್ಯವಿದೆ. ಆದರೆ ರಕ್ತದೊತ್ತಡದ ಅಪಾಯವನ್ನು ತಗ್ಗಿಸಲೆಂದು ವೈದ್ಯರೇ ಅಲ್ಪಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ.

ಎದೆಯುರಿಯಲ್ಲದ ಉರಿ

ಈಗ ನನ್ನ ಎರಡನೆಯ ಮಾತು. ಹಲವು ವರ್ಷಗಳ ಹಿಂದೆ, 34 ವಾರ ತುಂಬಿದ್ದ ನಮ್ಮವರೇ ಒಬ್ಬ ಹೆಣ್ಣುಮಗಳು ಎರಡು ದಿನ ಹೊಟ್ಟೆಯ ಮೇಲ್ಭಾಗದ ನೋವಿನಿಂದ ಬಳಲಿದಳು. ಊರಿನಲ್ಲಿದ್ದ ತಾಯಿ ದೂರವಾಣಿಯಲ್ಲಿ ಮಜ್ಜಿಗೆ, ಜೀರಿಗೆ ನೀರು ಹೇಳಿದರು. ಗಂಡ ಆಮ್ಲಶಾಮಕ ತಂದುಕೊಟ್ಟ. ಇಬ್ಬರದೂ ಪ್ರೀತಿಯ ಉಪಚಾರವೇ. ನೋವು ತಗ್ಗಲಿಲ್ಲ, ತಲೆನೋವೂ ಸೇರಿತು. ಮೂರನೆಯ ದಿನ ನನಗೆ ಕರೆ ಮಾಡಿದಾಗ ಒಡನೆಯೇ ಆಸ್ಪತ್ರೆಗೆ ಹೋಗಲು ಹೇಳಿದೆ. ಅಲ್ಲಿ ರಕ್ತದೊತ್ತಡ 170/110. ಅದೇ ರಾತ್ರಿ ಶಸ್ತ್ರಕ್ರಿಯೆಯಿಂದ ಹೆರಿಗೆ ಮಾಡಿಸಬೇಕಾಯಿತು. ತಾಯಿ ಮಗು ಇಬ್ಬರೂ ಉಳಿದರು. ಇನ್ನೊಂದು ದಿನ ತಡವಾಗಿದ್ದರೆ ಈ ಮಾತನ್ನು ಹೇಳಲಾಗುತ್ತಿತ್ತೋ ಇಲ್ಲವೋ.

ಆಕೆಗಿದ್ದುದು ಪ್ರಿಎಕ್ಲಾಂಪ್ಸಿಯದ ಒಂದು ತೀವ್ರ ರೂಪ. ಅಮೆರಿಕದ ವೈದ್ಯ ಲೂಯಿ ವೈನ್‌ಸ್ಟೈನ್ 1982ರಲ್ಲಿ ಇದಕ್ಕೆ ಹೆಲ್ಪ್ ಎಂಬ ಹೆಸರಿಟ್ಟರು. ಇದರಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ, ಯಕೃತ್ತಿಗೆ ಪೆಟ್ಟಾಗುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣಗಳು ಇಳಿಯುತ್ತವೆ. ಯಕೃತ್ತು ಬಲಪಕ್ಕೆಲುಬುಗಳ ಕೆಳಗಿರುವುದರಿಂದ ನೋವು ಅಲ್ಲಿ, ಅಥವಾ ಎದೆಗುಂಡಿಗೆಯ ಕೆಳಗೆ ಕಾಣಿಸುತ್ತದೆ. ಅದಕ್ಕೇ ಎದೆಯುರಿಯೆಂದು ಮೋಸಹೋಗುವುದು.

ಬೇರ್ಪಡಿಸುವುದು ಹೇಗೆ? ಎದೆಯುರಿಯು ಎದೆಮೂಳೆಯ ಹಿಂದೆ ಉರಿಯುತ್ತದೆ, ಗಂಟಲಿಗೆ ಏರುತ್ತದೆ, ಬಗ್ಗಿದರೆ ಮಲಗಿದರೆ ಹೆಚ್ಚುತ್ತದೆ, ಆಮ್ಲಶಾಮಕಕ್ಕೆ ತಗ್ಗುತ್ತದೆ. 20 ವಾರಗಳ ಅನಂತರ, ಬಲಪಕ್ಕೆಯ ಕೆಳಗೆ ಬಿಡದ ನೋವು, ಔಷಧಕ್ಕೆ ತಗ್ಗದ ನೋವು, ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚಿದಂತಾಗುವುದು, ಮುಖ ಕೈಗಳ ಹಠಾತ್ ಊತ, ಹೊಸದಾಗಿ ಆರಂಭವಾದ ವಾಂತಿ, ಇವುಗಳಲ್ಲಿ ಒಂದಿದ್ದರೂ ಅದೇ ಗಳಿಗೆ ಪ್ರಸೂತಿ ವೈದ್ಯರಿಗೆ ಕರೆ ಮಾಡಿ. ಮನೆಯಲ್ಲಿ ಒತ್ತಡ ಅಳೆಯುವ ಯಂತ್ರವಿದ್ದು 140/90 ಅಥವಾ ಮೇಲೆ ತೋರಿಸಿದರೂ ಹಾಗೆಯೇ. 160/110 ಆದರೆ ಆಸ್ಪತ್ರೆಗೇ ಹೋಗಿ. ಎದೆನೋವಿನೊಡನೆ ಉಸಿರುಕಟ್ಟಿದರೆ, ರಕ್ತವಾಂತಿಯಾದರೆ 911ಕ್ಕೆ ಕರೆ ಮಾಡಿ. ಹೆರಿಗೆಯಾದ ಮೇಲೂ ಆರು ವಾರಗಳವರೆಗೆ ಈ ಅಪಾಯವುಂಟು. ಬಾಣಂತಿಗೆ ಹೊಸದಾಗಿ "ಎದೆಯುರಿ" ಬಂದರೆ ಇನ್ನೂ ಹೆಚ್ಚು ಅನುಮಾನಿಸಬೇಕು.

ಅಪರಾತ್ರಿಯಲ್ಲಿ ವೈದ್ಯರನ್ನು ಎಬ್ಬಿಸುವುದು ಹೇಗೆಂದು ನಮ್ಮವರು ಸಂಕೋಚಪಡುತ್ತಾರೆ. ಪರೀಕ್ಷಿಸಿ ಕೇವಲ ಎದೆಯುರಿಯೆಂದು ಗೊತ್ತಾದರೆ ನಾವು ವೈದ್ಯರು ಸಂತೋಷದಿಂದಲೇ ಮತ್ತೆ ನಿದ್ದೆಹೋಗುತ್ತೇವೆ. ಊರಿನಲ್ಲಿರುವ ತಾಯಂದಿರಿಗೂ ಈ ಗುರುತುಗಳನ್ನು ತಿಳಿಸಿಡಿ. ಮುಂದಿನ ಬಾರಿ ಮಗಳು ದೂರವಾಣಿಯಲ್ಲಿ ಉರಿಯೆಂದಾಗ, ಜೀರಿಗೆ ನೀರಿಗೆ ಮೊದಲು "ಎಲ್ಲಿ ನೋವು ಮಗಳೇ, ತಲೆನೋವಿದೆಯೇ?" ಎಂದು ಅವರು ಕೇಳುವಂತಾದರೆ ನನ್ನ ಈ ಉಪನ್ಯಾಸ ಸಾರ್ಥಕ.