ದಿಲ್ಲಿಯಿಂದ ದೇವದುರ್ಗಕ್ಕೆ: ಒಬ್ಬ ಸಂಸದರ ಹಾದಿ

ಮುಂದೆ ಏನಾಗುತ್ತೀಯೆ ಎಂದು ಮಕ್ಕಳನ್ನು ಕೇಳಿ ನೋಡಿ. ಡಾಕ್ಟರ್, ಎಂಜಿನಿಯರ್, ಐಎಎಸ್ ಎಂಬ ಉತ್ತರಗಳು ಬರುತ್ತವೆ. ‘ಎಂ.ಪಿ. ಆಗುತ್ತೇನೆ’ ಎಂದರೆ ಮನೆಮಂದಿ ನಕ್ಕುಬಿಡುತ್ತಾರೆ. ಆದರೆ ಅದೂ ಒಂದು ದುಡಿಮೆ. ಅದಕ್ಕೆ ಪದವಿ ಬೇಕಿಲ್ಲ. ಭಾರತದ ಪ್ರಜೆಯಾಗಿ, ಮತದಾರರ ಪಟ್ಟಿಯಲ್ಲಿ ಹೆಸರಿದ್ದು, 25 ವರ್ಷ ತುಂಬಿದ್ದರೆ ಲೋಕಸಭೆಗೆ ಸ್ಪರ್ಧಿಸಬಹುದು. ಪರೀಕ್ಷಕರು ಮಾತ್ರ ಲಕ್ಷಗಟ್ಟಲೆ!

ಈ ಪರೀಕ್ಷೆಯನ್ನು ರಾಯಚೂರಿನಲ್ಲಿ ನಾಲ್ಕು ಬಾರಿ ಗೆದ್ದವರು ಕಾಂಗ್ರೆಸ್ಸಿನ ಎ. ವೆಂಕಟೇಶ ನಾಯಕ್. 1991ರಲ್ಲಿ ಅವರು ಮೊದಲ ಸಲ ಲೋಕಸಭೆಗೆ ಆಯ್ಕೆಯಾದರು. 1996ರಲ್ಲಿ ಕ್ಷೇತ್ರ ಜನತಾದಳದ ಪಾಲಾಯಿತು. 1998ರಲ್ಲಿ ಅದು ಮರಳಿ ಅವರ ಕೈಗೆ ಬಂದರೂ ಆ ಲೋಕಸಭೆ ಅವಧಿಗೆ ಮುನ್ನವೇ ವಿಸರ್ಜನೆಯಾಗಿ, ಮರುವರ್ಷವೇ ಮತ್ತೆ ಜನರ ಮುಂದೆ ಹೋಗಬೇಕಾಯಿತು. 1999 ಮತ್ತು 2004ರಲ್ಲೂ ಅವರೇ ಗೆದ್ದರು. 2009ರಿಂದ ರಾಯಚೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಅವರ ನಾಲ್ಕೂ ಗೆಲುವು ಅದಕ್ಕೆ ಮೊದಲಿನವು ಎಂಬುದು ಗಮನಾರ್ಹ.

ಸಾಮಾನ್ಯವಾಗಿ ರಾಜಕಾರಣಿಗಳು ತಾಲ್ಲೂಕಿನಿಂದ ಬೆಂಗಳೂರಿಗೆ, ಅಲ್ಲಿಂದ ದಿಲ್ಲಿಗೆ ಏರುತ್ತಾರೆ. ಇವರು ದಿಲ್ಲಿ ಕಂಡ ಮೇಲೆ, 2013ರಲ್ಲಿ ದೇವದುರ್ಗದ ಶಾಸಕರಾದರು. 2014ರಲ್ಲಿ ಮಗ ಬಿ.ವಿ. ನಾಯಕ್ ರಾಯಚೂರಿನಿಂದ ಲೋಕಸಭೆಗೆ ಗೆದ್ದಾಗ, ತಂದೆ ವಿಧಾನಸಭೆಯಲ್ಲಿ, ಮಗ ಸಂಸತ್ತಿನಲ್ಲಿ! ಆ ಗೆಲುವಿನ ಅಂತರ ಕೇವಲ 1,499 ಮತ. ಒಂದು ದೊಡ್ಡ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಇಷ್ಟು ಹೆಸರುಗಳಿರುತ್ತವೆ. ಹದಿನೆಂಟು ತುಂಬಿದ ವಿದ್ಯಾರ್ಥಿಗಳು ‘ನನ್ನೊಬ್ಬನ ಮತದಿಂದ ಏನಾದೀತು’ ಎನ್ನುವ ಮೊದಲು ಈ ಅಂಕಿ ನೆನೆಯಬೇಕು.

2015ರ ಆಗಸ್ಟ್ 24ರಂದು ಆಂಧ್ರದ ಪೆನುಕೊಂಡ ಬಳಿ, ಗ್ರಾನೈಟ್ ಹೇರಿಕೊಂಡಿದ್ದ ಲಾರಿಯೊಂದು ಬೆಂಗಳೂರಿನಿಂದ ಹೊರಟಿದ್ದ ನಾಂದೇಡ್ ಎಕ್ಸ್‌ಪ್ರೆಸ್‌ಗೆ ಅಪ್ಪಳಿಸಿತು. ಆ ರೈಲಿನಲ್ಲಿದ್ದ ವೆಂಕಟೇಶ ನಾಯಕ್ ಮೃತಪಟ್ಟರು. 2016ರ ಉಪಚುನಾವಣೆಯಲ್ಲಿ ದೇವದುರ್ಗ ಬಿಜೆಪಿಗೆ ಒಲಿಯಿತು. ಮುಂದೆ ಬಿ.ವಿ. ನಾಯಕ್ ಅವರೂ ಬಿಜೆಪಿ ಸೇರಿ, 2023ರಲ್ಲಿ ಮಾನ್ವಿಯಿಂದ ವಿಧಾನಸಭೆಗೆ ಸ್ಪರ್ಧಿಸಿ ಸೋತರು. ಮನೆತನದ ಹೆಸರು ಬಾಗಿಲು ತೆರೆಯಬಹುದು, ಒಳಗೆ ಕೂರಿಸುವವನು ಮತದಾರ.

ಬೇರೆ ದೇಶಗಳಲ್ಲಿ ಹೇಗೆ? ಜರ್ಮನಿಯ ಸಂಪ್ರದಾಯವಾದಿ ಪಕ್ಷವಾದ ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್‌ನ ವೋಲ್ಫ್‌ಗಾಂಗ್ ಶೋಯ್ಬ್ಲೆ 1972ರಿಂದ 2023ರಲ್ಲಿ ತೀರಿಕೊಳ್ಳುವವರೆಗೆ, 51 ವರ್ಷ ಸಂಸದರಾಗಿದ್ದರು. 1990ರಲ್ಲಿ ಗುಂಡೇಟು ತಿಂದು ಗಾಲಿಕುರ್ಚಿ ಹಿಡಿದರೂ ಗೃಹ, ಹಣಕಾಸು ಖಾತೆಗಳನ್ನು ನಿಭಾಯಿಸಿದರು. ಅಲ್ಲಿ ಮತದಾರನಿಗೆ ಎರಡು ಮತ: ಒಂದು ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಕ್ಷೇತ್ರದಲ್ಲಿ ಸೋತವರೂ ಪಕ್ಷದ ಪಟ್ಟಿಯ ಮೂಲಕ ಸಂಸತ್ತಿಗೆ ಬರಬಹುದು. ನಮ್ಮ ಲೋಕಸಭೆಗೆ ಅಂಥ ಹಿಂಬಾಗಿಲಿಲ್ಲ.

ಈ ದುಡಿಮೆಯಿಂದ ವಿದ್ಯಾರ್ಥಿಗಳಿಗೇನು ಲಾಭ? ಒಂದೇ ಉದಾಹರಣೆ ಸಾಕು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನದ 371(ಜೆ) ವಿಧಿಗೆ ಒಪ್ಪಿಗೆ ನೀಡಿತು. ಆಗ ರಾಯಚೂರಿನ ಸಂಸದರು ಬಿಜೆಪಿಯ ಸಣ್ಣ ಫಕೀರಪ್ಪ, ಕೇಂದ್ರದಲ್ಲಿದ್ದದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ. ಸಂವಿಧಾನ ತಿದ್ದುಪಡಿಗೆ ಹಾಜರಿದ್ದವರಲ್ಲಿ ಮೂರನೇ ಎರಡು ಭಾಗದ ಒಪ್ಪಿಗೆ ಬೇಕಾದ್ದರಿಂದ ಒಂದೇ ಪಕ್ಷದಿಂದ ಅದು ಆಗುವ ಕೆಲಸವಲ್ಲ. ಅದರ ಫಲವಾಗಿಯೇ ಇಂದು ಕಲ್ಯಾಣ ಕರ್ನಾಟಕದ ಕಾಲೇಜುಗಳ ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಈ ಭಾಗದ ಮಕ್ಕಳಿಗೆ ದೊರೆಯುತ್ತಿದೆ. ದೇವದುರ್ಗದ ಹುಡುಗಿಗೆ ಸಿಗುವ ವೈದ್ಯಕೀಯ ಸೀಟಿನ ಹಿಂದೆ ದಿಲ್ಲಿಯಲ್ಲಿ ಎತ್ತಿದ ಕೈಗಳಿವೆ.

ಪಾಲಕರೇ, ಮಗ ಅಥವಾ ಮಗಳು ರಾಜಕೀಯದ ಬಗ್ಗೆ ಪ್ರಶ್ನೆ ಕೇಳಿದರೆ ‘ಅದು ನಮಗ್ಯಾಕೆ’ ಎಂದು ಬಾಯಿ ಮುಚ್ಚಿಸಬೇಡಿ. ನಮ್ಮ ಸಂಸದರು ಸದನದಲ್ಲಿ ಏನು ಕೇಳಿದರು ಎಂದು ಪತ್ರಿಕೆಯಲ್ಲಿ ಒಟ್ಟಿಗೆ ಕುಳಿತು ಓದಿ. ನಾಳೆಯ ಅಭ್ಯರ್ಥಿ ನಿಮ್ಮ ಮನೆಯಲ್ಲಿ ಇರಲಿ, ಇಲ್ಲದಿರಲಿ, ನಾಳೆಯ ಮತದಾರ ಖಂಡಿತ ಇದ್ದಾನೆ.