ಬೂದಿಯಲ್ಲಿ ಬಳ್ಳಿ, ಜನವರಿಯಲ್ಲಿ ಬಿಸಿಲು

ಡಿಸೆಂಬರ್ ಬಂತೆಂದರೆ ಲಂಡನ್‌ನಲ್ಲಿ ಸಂಜೆ ನಾಲ್ಕಾಗುವ ಮೊದಲೇ ಹೊತ್ತು ಮುಳುಗುತ್ತದೆ. ಮಕ್ಕಳು ಕತ್ತಲಲ್ಲೇ ಶಾಲೆಯಿಂದ ಮನೆಗೆ ಬರುತ್ತಾರೆ. ಬ್ರಿಟನ್, ಐರ್ಲೆಂಡ್, ಜರ್ಮನಿಗಳಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಆ ಹೊತ್ತಿಗೆ ಒಂದೇ ಮಾತು: ಒಂದು ವಾರ ಬಿಸಿಲಿರುವ ಕಡೆಗೆ ಹೋಗಿ ಬರೋಣ. ಹುಡುಕುತ್ತ ಹೋದರೆ ಬೆರಳು ಹೆಚ್ಚಾಗಿ ಬಂದು ನಿಲ್ಲುವುದು ಕೆನರಿ ದ್ವೀಪಗಳ ಮೇಲೆ. ಆಳ್ವಿಕೆ ಸ್ಪೇನಿನದು, ನೆರೆ ಆಫ್ರಿಕದ್ದು, ಹುಟ್ಟು ಜ್ವಾಲಾಮುಖಿಯದು. ಲಂಡನ್‌ನಿಂದ ನಾಲ್ಕು ಗಂಟೆ ಹಾರಿದರೆ ಈ ಗುಂಪಿನ ಪೂರ್ವ ಅಂಚಿನ ಲಾಂಜರೋಟೆ ಸಿಗುತ್ತದೆ. ಆಫ್ರಿಕದ ಕರಾವಳಿ ಅಲ್ಲಿಂದ ಸುಮಾರು 125 ಕಿಲೋಮೀಟರ್.

ಪ್ರವಾಸಿ ಕಂಪನಿಗಳ ಚಿತ್ರಪಟಗಳಲ್ಲಿ ಈ ದ್ವೀಪವೆಂದರೆ ಈಜುಕೊಳ, ಒರಗು ಕುರ್ಚಿ, ಮರಳದಂಡೆ. ಅವೆಲ್ಲ ಇರುವುದು ನಿಜ. ಆದರೆ ಅಷ್ಟಕ್ಕೇ ಆದರೆ ಬೇರೆ ಯಾವ ಬೆಚ್ಚಗಿನ ಊರಾದರೂ ಆದೀತು. ಲಾಂಜರೋಟೆಗೆ ಹೋಗಬೇಕಾದದ್ದು ಅದರ ನೆಲಕ್ಕಾಗಿ. ಮುನ್ನೂರು ವರ್ಷವೂ ತುಂಬದ ನೆಲ ಅಲ್ಲಿದೆ, ಅದು ಹುಟ್ಟಿದ ತಾರೀಕೂ ಗೊತ್ತಿದೆ. ಅದಕ್ಕೇ ಅಲ್ಲಿನ ದಿನಗಳನ್ನು ಹಂಚಿಕೊಳ್ಳುವಾಗ ಯಾವ ಜಾಗ ಹೋಟೆಲಿಗೆ ಹತ್ತಿರ ಎಂದು ನೋಡುವುದಕ್ಕಿಂತ, ಆ ದ್ವೀಪಕ್ಕೆ ಏನೇನು ಯಾವ ಕ್ರಮದಲ್ಲಿ ಆಯಿತೋ ಅದೇ ಕ್ರಮದಲ್ಲಿ ನೋಡುತ್ತ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

1730ರ ಸೆಪ್ಟೆಂಬರ್ 1ರ ರಾತ್ರಿ ಒಂಬತ್ತು ದಾಟಿದ ಮೇಲೆ ತಿಮನ್‌ಫಾಯಾ ಎಂಬಲ್ಲಿ ನೆಲ ಬಾಯಿಬಿಟ್ಟಿತು. ಯಾಯ್ಸಾ ಊರಿನ ಪಾದ್ರಿ ಆಂದ್ರೆಸ್ ಲೊರೆಂಜೊ ಕುರ್ಬೆಲೊ ಅಂದಿನಿಂದ ಕಂಡದ್ದನ್ನೆಲ್ಲ ಬರೆದಿಟ್ಟರು. ಒಂದೇ ರಾತ್ರಿಯಲ್ಲಿ ಎದ್ದು ನಿಂತ ಗುಡ್ಡ, ನೀರಿನಂತೆ ಹರಿದು ಬರಬರುತ್ತ ಜೇನಿನಂತೆ ಮಂದವಾದ ಲಾವಾ, ಸಮುದ್ರದ ಮೇಲೆ ಸತ್ತು ತೇಲಿದ ಮೀನು, ವಿಷಗಾಳಿಗೆ ಉರುಳಿಬಿದ್ದ ದನಕರು, ಎಲ್ಲವೂ ಆ ದಿನಚರಿಯಲ್ಲಿವೆ. ಒಂದು ವರ್ಷ ಚಿಲ್ಲರೆ ಕಾದು ಕೊನೆಗೆ ಅವರೂ ಊರವರೂ ಗ್ರಾನ್ ಕೆನರಿಯಾ ದ್ವೀಪಕ್ಕೆ ದಾಟಿದರು. ಬರಹ ಅಲ್ಲಿಗೆ ನಿಂತಿತು. ಬೆಂಕಿ ನಿಲ್ಲಲಿಲ್ಲ. 1736ರ ಏಪ್ರಿಲ್‌ವರೆಗೆ ಅದು ಉರಿಯಿತು. ದ್ವೀಪದ ಸುಮಾರು ಕಾಲು ಭಾಗ, ಅದೂ ಗೋಧಿ ಬಾರ್ಲಿ ಬೆಳೆಯುತ್ತಿದ್ದ ಹಸನಾದ ಹೊಲಗಳು, ಹಳ್ಳಿಗಳ ಸಮೇತ ಕಲ್ಲಿನಡಿ ಹೋದವು.

ಆದ್ದರಿಂದ ಮೊದಲ ದಿನ ಎಲ್ ಕುಯೆರ್ವೊ. ಆ ಆರು ವರ್ಷಗಳ ಸ್ಫೋಟಗಳಲ್ಲಿ ಮೊದಲು ತೆರೆದ ಬಾಯಿ ಇದೇ. ಟಿಕೆಟ್ಟಿಲ್ಲ, ಸಾಲಿಲ್ಲ. ರಸ್ತೆಬದಿ ಕಾರು ನಿಲ್ಲಿಸಿ ಸಮತಟ್ಟಾದ ಹಾದಿಯಲ್ಲಿ ಸ್ವಲ್ಪ ನಡೆದರೆ ಗುಡ್ಡದ ಒಡೆದ ಪಕ್ಕೆಯಿಂದ ನೇರ ಅದರ ಒಡಲೊಳಗೇ ಹೋಗಿ ನಿಲ್ಲಬಹುದು. ಚಿಕ್ಕ ಮಕ್ಕಳೂ ನಡೆಯಬಲ್ಲ ದಾರಿ. ಕಾಲಿಗೆ ಚಪ್ಪಲಿ ಬೇಡ, ಷೂ ಬೇಕು. ಲಾವಾದ ಅಂಚು ಗಾಜಿನಷ್ಟು ಹರಿತ. ಒಂದು ಹರಳನ್ನೂ ಜೇಬಿಗೆ ಹಾಕಿಕೊಳ್ಳಬಾರದು. ಅದು ಕಾನೂನು. ಕಾನೂನು ಇಲ್ಲದಿದ್ದರೂ ಹಾಗೇ ನಡೆದುಕೊಳ್ಳಬೇಕಾದ ಜಾಗ ಅದು.

ವಿಜಯಪುರ, ಬೆಳಗಾವಿ ಸೀಮೆಯಿಂದ ಹೋದವರಿಗೆ ಆ ಕಪ್ಪು ಕಲ್ಲು ಪೂರ್ತಿ ಅಪರಿಚಿತವೇನಲ್ಲ. ಅಲ್ಲಿನ ಕರಿಕಲ್ಲೂ ಎರೆಭೂಮಿಯೂ ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾದಿಂದಲೇ ಆದವು. ಜೋಳ, ಕಡಲೆ ಬೆಳೆಯುವ ಆ ಮಣ್ಣು ಮಣ್ಣಾಗುವ ಮೊದಲು ಹೇಗಿದ್ದಿರಬಹುದು ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಇಲ್ಲಿಗೆ ಬರಬೇಕು. ಇಲ್ಲಿ ಇನ್ನೂ ಮಣ್ಣಿನ ಸುಳಿವೇ ಇಲ್ಲ. ಬಂಡೆಯ ಮೇಲೆ ಬೂದು ಬಣ್ಣದ ಕಲ್ಲುಹೂವು ಮಾತ್ರ ಹಬ್ಬುತ್ತಿದೆ, ಅದೂ ಬಹಳ ನಿಧಾನವಾಗಿ.

ಎರಡನೆಯ ದಿನ ತಿಮನ್‌ಫಾಯಾ ರಾಷ್ಟ್ರೀಯ ಉದ್ಯಾನ. 1974ರಿಂದ ಇದಕ್ಕೆ ರಾಷ್ಟ್ರೀಯ ಉದ್ಯಾನದ ರಕ್ಷಣೆ. ಬೇಕಾದ ಹಾಗೆ ಒಳಗೆ ತಿರುಗಾಡಲು ಬಿಡುವುದಿಲ್ಲ. ಉದ್ಯಾನದ ಬಸ್ಸು ಹತ್ತಿ ಸುಮಾರು 14 ಕಿಲೋಮೀಟರ್ ಸುತ್ತಿ ಬರಬೇಕು. ಇಳಿಯಲು ಬಿಡಲಿಲ್ಲವೆಂದು ಹಲವರು ಗೊಣಗುತ್ತಾರೆ. ನನಗೆ ಆ ನಿಯಮ ಸರಿ ಎನಿಸುತ್ತದೆ. ಬೂದಿಯ ಮೇಲೆ ಮೂಡಿದ ಒಂದು ಹೆಜ್ಜೆಗುರುತು ಅಷ್ಟು ಬೇಗ ಅಳಿಸುವುದಿಲ್ಲ, ವರ್ಷಕ್ಕೆ ಲಕ್ಷಾಂತರ ಜನ ಬರುವ ಜಾಗ ಬೇರೆ. ನಡೆದೇ ನೋಡಬೇಕೆನ್ನುವವರಿಗೆ ಉದ್ಯಾನದವರೇ ಚಿಕ್ಕ ಗುಂಪುಗಳನ್ನು ಕರೆದೊಯ್ಯುವ ಏರ್ಪಾಡಿದೆ, ಬಹಳ ಮುಂಚೆಯೇ ಹೆಸರು ಬರೆಸಬೇಕು. ಚಳಿಗಾಲದ ರಜೆಯಲ್ಲಿ ಬಸ್ಸಿನ ಸಾಲು ಬೆಳೆಯುವ ಮೊದಲೇ, ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವುದು ಒಳ್ಳೆಯದು.

ಬಸ್ಸು ಹೊರಡುವ ದಿಬ್ಬದಲ್ಲಿ ನೌಕರರು ಒಂದು ಗುಳಿಗೆ ಒಣ ಮುಳ್ಳುಕಂಟಿ ಹಾಕುತ್ತಾರೆ. ಕಡ್ಡಿ ಗೀರದೆಯೇ ಅದು ಹೊತ್ತಿಕೊಳ್ಳುತ್ತದೆ. ನೆಲಕ್ಕೆ ಹುಗಿದ ಕೊಳವೆಗೆ ಒಂದು ಬಕೆಟ್ ನೀರು ಸುರಿದರೆ ಮರುಕ್ಷಣ ಆವಿಯಾಗಿ ಆಳೆತ್ತರ ಮೀರಿ ಚಿಮ್ಮುತ್ತದೆ. ಹದಿಮೂರು ಮೀಟರ್ ಕೆಳಗೆ ಶಾಖ 600 ಡಿಗ್ರಿ ಸೆಲ್ಸಿಯಸ್‌ಗೆ ಮುಟ್ಟುತ್ತದೆ. ಪಕ್ಕದ ಹೋಟೆಲಿನವರು ಅದೇ ಶಾಖದ ಬಾವಿಯ ಮೇಲೆ ಕಬ್ಬಿಣದ ಜಾಲರಿ ಇಟ್ಟು ಅಡುಗೆ ಮಾಡುತ್ತಾರೆ. ದ್ವೀಪದಲ್ಲಿ ಕೊನೆಯ ಸ್ಫೋಟವಾದದ್ದು 1824ರಲ್ಲಿ. ಅಡಿಯಲ್ಲಿ ಇನ್ನೂ ಕಾವು ಆರಿಲ್ಲವೆಂದು ನಂಬಲು ಈ ಎರಡು ಪ್ರಯೋಗ ಸಾಕು.

ಅಲ್ಲಿಂದ ಮಂಚಾ ಬ್ಲಾಂಕಾ ದೂರವಿಲ್ಲ. ಊರನ್ನು ನುಂಗಲು ಬಂದ ಲಾವಾ 1736ರಲ್ಲಿ ಇಲ್ಲಿ ಹೊಸ್ತಿಲಿಗೆ ಬಂದು ನಿಂತಿತು. ಊರವರು ದುಃಖಮಾತೆಯ ಮೂರ್ತಿಯನ್ನು ಹೊತ್ತು ಮೆರವಣಿಗೆಯಲ್ಲಿ ಎದುರು ಹೋದದ್ದೇ ಕಾರಣವೆಂಬುದು ಅವರ ನಂಬಿಕೆ. ಆ ತಾಯಿ ಇಂದಿಗೂ ಜ್ವಾಲಾಮುಖಿಗಳ ತಾಯಿ ಎಂದೇ ಹೆಸರಾಗಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಇಡೀ ದ್ವೀಪ ಅಲ್ಲಿಗೆ ನಡೆದು ಬರುತ್ತದೆ.

ಇನ್ನು ಲಾ ಹೆರಿಯಾ ಎಂಬ ದ್ರಾಕ್ಷಿಯ ಸೀಮೆ. ಒಂದು ದಿನ ಪೂರ್ತಿ ಇದಕ್ಕೆ ಮೀಸಲಿಡಿ ಎಂದು ಕೇಳಿಕೊಳ್ಳುತ್ತೇನೆ.

ಹೊಲ ಕಳೆದುಕೊಂಡವರಲ್ಲಿ ಉಳಿದವರು ಒಂದು ಸಂಗತಿ ಗಮನಿಸಿದರು. ಬೂದಿ ಕಪ್ಪು ಹರಳುಗಳಾಗಿ ಬಿದ್ದ ಕಡೆ ಅದರಡಿಯ ಹಳೆಯ ಮಣ್ಣು ಒಣಗಿರಲಿಲ್ಲ. ಸರಂಧ್ರವಾದ ಆ ಹರಳು ರಾತ್ರಿಯ ತೇವವನ್ನು ಹೀರಿ ಕೆಳಕ್ಕೆ ಬಿಡುತ್ತದೆ, ಹಗಲ ಬಿಸಿಲಿಗೆ ಮಣ್ಣಿನ ನೀರು ಆವಿಯಾಗದಂತೆ ಮುಚ್ಚುತ್ತದೆ. ವರ್ಷಕ್ಕೆ ಸುಮಾರು 150 ಮಿಲಿಮೀಟರ್ ಮಳೆ, ನದಿಯಿಲ್ಲ, ಕೆರೆಯಿಲ್ಲ. ಅಂಥಲ್ಲಿ ಹೀಗೆ ಕಂಡುಕೊಂಡದ್ದೇ ಬದುಕಾಯಿತು. ಹರಳಿನ ಪದರವನ್ನು ಬಗೆದು, ಕೆಲವು ಕಡೆ ಎರಡು ಮೂರು ಮೀಟರ್ ಆಳದ ಬಟ್ಟಲಿನಂಥ ಗುಂಡಿ ತೋಡಿ, ತಳದ ಮಣ್ಣಿಗೆ ಒಂದು ದ್ರಾಕ್ಷಿ ಬಳ್ಳಿ ನೆಟ್ಟರು. ಗಾಳಿ ಬೀಸುವ ಮಗ್ಗುಲಿಗೆ ಗಾರೆಯಿಲ್ಲದೆ ಅರ್ಧ ಚಂದ್ರಾಕಾರವಾಗಿ ಕಲ್ಲು ಪೇರಿಸಿ ಗೋಡೆ ಎತ್ತಿದರು. ಒಂದು ಗುಂಡಿಗೆ ಒಂದೋ ಎರಡೋ ಬಳ್ಳಿ. ಬೆಟ್ಟದ ಇಳಿಜಾರಿನುದ್ದಕ್ಕೂ ಹೀಗೆ ಸಾವಿರಾರು ಗುಂಡಿಗಳು. ಒಳಗೆ ಟ್ರ್ಯಾಕ್ಟರ್ ಇಳಿಯಲಾರದು. ಚಾಟನಿಯಿಂದ ಕೊಯ್ಲಿನವರೆಗೆ ಎಲ್ಲ ಕೈಕೆಲಸವೇ. ಇಳುವರಿ ಕಡಿಮೆ, ಮೈನೋವು ಹೆಚ್ಚು. ಆದರೂ ಮಾಲ್ವಸಿಯಾ ಎಂಬ ತಳಿಯ ದ್ರಾಕ್ಷಿ, ಅದರ ಬಿಳಿ ವೈನು ಇಂದಿಗೂ ಅಲ್ಲಿಂದ ಬರುತ್ತಿದೆ. ಜಗತ್ತಿನ ಒಣಬೇಸಾಯದ ಚರಿತ್ರೆಯಲ್ಲಿ ಇದಕ್ಕಿಂತ ಧೈರ್ಯದ ಕೆಲಸ ಹೆಚ್ಚಿರಲಾರದು.

ಚಳಿಗಾಲದಲ್ಲಿ ಹೋಗುವವರಿಗೆ ಒಂದು ಮಾತು ಮೊದಲೇ ಹೇಳಬೇಕು. ಚಿತ್ರಗಳಲ್ಲಿ ಕಾಣುವ ಹಾಗೆ ಕಪ್ಪು ಗುಂಡಿಯೊಳಗೆ ಹಸಿರು ಬಳ್ಳಿ ಆಗ ಇರುವುದಿಲ್ಲ. ಎಲೆ ಉದುರಿ ಬಳ್ಳಿ ಬರಿದಾಗಿರುತ್ತದೆ, ಅದು ಚಾಟನಿಯ ಕಾಲ. ನನಗೆ ಅದೇ ಹೆಚ್ಚು ಇಷ್ಟ. ಎಲೆಯ ಮರೆ ಇಲ್ಲದಾಗ ಕಲ್ಲಿನ ಕಟ್ಟು, ಗುಂಡಿಯ ಬಾಗು, ಮನುಷ್ಯರು ಪಟ್ಟ ಪಾಡು ಸ್ಪಷ್ಟವಾಗಿ ಕಾಣುತ್ತವೆ. ಹಸಿರೇ ಬೇಕೆಂದರೆ ಉತ್ತರದ ಅರಿಯಾ ಕಣಿವೆಗೆ ಹೋಗಬಹುದು. ಮಳೆ ಬಿದ್ದ ವರ್ಷ ಫೆಬ್ರವರಿ ಹೊತ್ತಿಗೆ ಅಲ್ಲಿ ಖರ್ಜೂರದ ಜಾತಿಯ ಮರಗಳ ಬುಡದಲ್ಲಿ ಹುಲ್ಲೂ ಹೂವೂ ತುಂಬಿರುತ್ತವೆ.

ಹವೆಯ ವಿಷಯ. ಜನವರಿಯ ಹಗಲು 21 ಡಿಗ್ರಿ ಆಸುಪಾಸು, ರಾತ್ರಿ 14. ಬೆಂಗಳೂರಿನ ಡಿಸೆಂಬರ್ ರಾತ್ರಿ ಕಂಡವರಿಗೆ ಒಂದು ಸ್ವೆಟರ್ ಸಾಕು. ಗಾಳಿಯ ದ್ವೀಪವೆಂದು ಹೆಸರಿದ್ದರೂ ವಾಣಿಜ್ಯ ಮಾರುತದ ಅಬ್ಬರ ಬೇಸಿಗೆಯಲ್ಲೇ ಜಾಸ್ತಿ. ಚಳಿಗಾಲದಲ್ಲಿ ಸಮುದ್ರದ ಕಡೆಯೇ ಎಚ್ಚರ ಬೇಕು. ಉತ್ತರ ಅಟ್ಲಾಂಟಿಕ್‌ನ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಫಮಾರಾ ದಂಡೆಗೆ ಬಂದು ಬಡಿಯುತ್ತವೆ. ಅಲೆಯೇರುವ ಆಟಗಾರರಿಗೆ ಅದು ಹಬ್ಬ, ಮಕ್ಕಳನ್ನು ಅಲ್ಲಿ ನೀರಿಗಿಳಿಸಬಾರದು. ತೆಂಕಣ ತುದಿಯ ಪಪಗಾಯೊ ಕೊಲ್ಲಿಗಳು ಶಾಂತ. ಒಮ್ಮೊಮ್ಮೆ ಸಹಾರಾದಿಂದ ಕಲಿಮಾ ಎಂಬ ದೂಳುಗಾಳಿ ಬಂದು ಒಂದೆರಡು ದಿನ ಆಕಾಶ ಕಂದಾಗುವುದುಂಟು. ಉಬ್ಬಸ ಇರುವವರು ಔಷಧಿಯನ್ನು ಮರೆಯದೆ ಒಯ್ಯಬೇಕು.

ಇಷ್ಟೆಲ್ಲ ನೋಡಿದ ಮೇಲೆ ಸೆಸಾರ್ ಮನ್ರೀಕೆ ಅವರ ಬಳಿಗೆ ಹೋದರೆ ಅವರು ಚೆನ್ನಾಗಿ ಅರ್ಥವಾಗುತ್ತಾರೆ. 1919ರಲ್ಲಿ ಅರ್ರೆಸಿಫೆಯಲ್ಲಿ ಹುಟ್ಟಿದ ಈ ಚಿತ್ರಕಾರ ನ್ಯೂಯಾರ್ಕಿನಿಂದ 1966ರಲ್ಲಿ ಊರಿಗೆ ಮರಳಿದರು. ಪ್ರವಾಸೋದ್ಯಮ ಆಗಷ್ಟೇ ಕಣ್ಣುಬಿಡುತ್ತಿತ್ತು. ಕುಡಿಯುವ ನೀರನ್ನು ಹಡಗಿನಲ್ಲಿ ತರಿಸುತ್ತಿದ್ದ ದ್ವೀಪದಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕ ಬಂದದ್ದೂ ಅದೇ ದಶಕದಲ್ಲಿ. ಇನ್ನು ಹೋಟೆಲುಗಳು ಏಳುವುದು ಖಂಡಿತವೆಂದು ಅರಿತ ಮನ್ರೀಕೆ, ಎತ್ತರದ ಕಟ್ಟಡ ಬೇಡ, ರಸ್ತೆಬದಿ ಜಾಹೀರಾತು ಫಲಕ ಬೇಡ, ಮನೆಗಳು ಬಿಳಿಯಾಗಿ ತಗ್ಗಾಗಿ ಇರಲಿ ಎಂದು ಆಡಳಿತದವರನ್ನೂ ಊರವರನ್ನೂ ಒಪ್ಪಿಸುತ್ತ ತಿರುಗಿದರು. ಇಂದು ದ್ವೀಪದಲ್ಲಿ ಎತ್ತರದ ಕಟ್ಟಡವೆಂದರೆ ಅರ್ರೆಸಿಫೆಯ ಒಂದು ಹೋಟೆಲು. ಉಳಿದ ಕಡೆ ಕಣ್ಣು ತಡೆಯಿಲ್ಲದೆ ಗುಡ್ಡದವರೆಗೆ ಹೋಗುತ್ತದೆ.

ತಾಹೀಚೆಯಲ್ಲಿ ಲಾವಾದೊಳಗಿನ ಐದು ಪೊಳ್ಳುಗಳನ್ನೇ ಕೋಣೆ ಮಾಡಿಕೊಂಡು ಅವರು ಕಟ್ಟಿದ ಮನೆ ಈಗ ಸಂಗ್ರಹಾಲಯ. ಗುವಾತೀಸಾದಲ್ಲಿ ಬೂದಿಹರಳು ತೆಗೆದು ಬಿಟ್ಟುಹೋದ ಕ್ವಾರಿಯನ್ನು 1990ರಲ್ಲಿ ಕಳ್ಳಿಗಳ ತೋಟ ಮಾಡಿದರು. ಸುತ್ತಲಿನ ಹೊಲಗಳಲ್ಲಿ ಪಾಪಾಸುಕಳ್ಳಿಯ ಸಾಲುಗಳಿವೆ. ಅದರ ಮೇಲೆ ಸಾಕುವ ಕೊಚಿನೀಲ್ ಹುಳದಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು, ಹತ್ತೊಂಬತ್ತನೆಯ ಶತಮಾನದಲ್ಲಿ ಕೃತಕ ಬಣ್ಣ ಬಂದು ಆ ಕಸುಬು ಕುಸಿಯಿತು. ಇನ್ನೂ ಉತ್ತರಕ್ಕೆ, ಕೊರೋನಾ ಜ್ವಾಲಾಮುಖಿಯ ಲಾವಾ ಹರಿದು ಬಿಟ್ಟುಹೋದ ಏಳು ಕಿಲೋಮೀಟರ್ ಮೀರಿದ ಸುರಂಗವಿದೆ, ಅದರ ತುದಿ ಸಮುದ್ರದಡಿಗೂ ಹೋಗಿದೆ. ಸುರಂಗದ ಚಾವಣಿ ಕುಸಿದ ಒಂದೆಡೆ ಮನ್ರೀಕೆ ರೂಪಿಸಿದ ಹಮೆಯೋಸ್ ದೆಲ್ ಅಗುವಾ. ಒಳಗಿನ ಉಪ್ಪುಕೊಳದಲ್ಲಿ ಸೆಂಟಿಮೀಟರಿನಷ್ಟು ಉದ್ದದ, ಕಣ್ಣು ಕಾಣದ ಬಿಳಿ ಏಡಿಗಳು. ನೀರಿಗೆ ನಾಣ್ಯ ಎಸೆಯಬೇಡಿ, ಲೋಹ ಕರಗಿದರೆ ಅವು ಸಾಯುತ್ತವೆ. ಅದೇ ಸುರಂಗದ ಇನ್ನೊಂದು ತುಂಡು ಕುಯೆವಾ ದೆ ಲೋಸ್ ವೆರ್ದೆಸ್. ಕಡಲ್ಗಳ್ಳರು ದಾಳಿಯಿಟ್ಟಾಗ ಜನ ಅಲ್ಲಿ ಅಡಗುತ್ತಿದ್ದರು. ಗುಹೆಯ ಕೊನೆಯಲ್ಲಿ ಒಂದು ಅಚ್ಚರಿ ಇದೆ. ಹೊರಗೆ ಹೇಳಬೇಡಿ ಎಂದು ಮಾರ್ಗದರ್ಶಿಗಳು ಕೇಳಿಕೊಳ್ಳುವುದರಿಂದ ನಾನೂ ಹೇಳುವುದಿಲ್ಲ.

ಮನ್ರೀಕೆ 1992ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ, ಎಂಬತ್ತರ ದಶಕದಲ್ಲಿ, ಕಟ್ಟಡಗಳ ಓಟ ಕಂಡು ಇನ್ನು ಸಾಕು ನಿಲ್ಲಿಸಿ ಎಂದು ಬಹಿರಂಗವಾಗಿ ಹೋರಾಡಿದ್ದರು. ಆ ಮಾತು ಈಗ ಬೀದಿಗೆ ಬಂದಿದೆ. 2024ರ ಏಪ್ರಿಲ್ 20ರಂದು ಕೆನರಿ ದ್ವೀಪಗಳಿಗೊಂದು ಮಿತಿಯಿದೆ ಎಂಬ ಘೋಷಣೆಯಡಿ ಎಲ್ಲ ದ್ವೀಪಗಳಲ್ಲೂ ಹತ್ತಾರು ಸಾವಿರ ಜನ ಮೆರವಣಿಗೆ ಹೊರಟರು. ರಜಾ ಬಾಡಿಗೆಗೆ ಮನೆಗಳು ಹೋಗಿ ಅಲ್ಲಿ ದುಡಿಯುವವರಿಗೆ ಇರಲು ಸೂರು ಸಿಗುತ್ತಿಲ್ಲ, ನೀರಿಗೂ ತತ್ವಾರ. ಅವರ ನೋವು ನ್ಯಾಯವಾದದ್ದು. ಹೋಗುವವರು ಊರಿನ ಜನರೇ ನಡೆಸುವ ಪರವಾನಗಿ ಇರುವ ವಸತಿಯನ್ನು ಆರಿಸಿಕೊಳ್ಳಬಹುದು, ಸ್ನಾನದ ನೀರನ್ನು ಹಿಡಿತದಲ್ಲಿ ಬಳಸಬಹುದು, ಊಟ ಹಳ್ಳಿಯ ಹೋಟೆಲಿನಲ್ಲಿ ಮಾಡಬಹುದು. ತಂಗಲು ನಾನು ಸೂಚಿಸುವುದು ಹಳೆಯ ರಾಜಧಾನಿ ತೆಗೀಸೆ ಅಥವಾ ಯಾಯ್ಸಾ. ಬಿಸಿಲೇ ಮುಖ್ಯವೆಂದರೆ ಯಾಯ್ಸಾ ಮೇಲು. ಉತ್ತರದಲ್ಲಿ ಮೋಡ ಕೂರುವುದು ಜಾಸ್ತಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಉಪ್ಪುನೀರಿನಲ್ಲಿ ಸಿಪ್ಪೆ ಸುಕ್ಕುಗಟ್ಟುವವರೆಗೆ ಬೇಯಿಸಿದ ಚಿಕ್ಕ ಆಲೂಗಡ್ಡೆ, ಜೊತೆಗೆ ಬೆಳ್ಳುಳ್ಳಿ, ಜೀರಿಗೆ, ಒಣಮೆಣಸು ಅರೆದ ಕೆಂಪು ಮೊಹೊ, ಆಡಿನ ಹಾಲಿನ ಗಿಣ್ಣು ಎಲ್ಲೆಡೆ ಸಿಗುತ್ತವೆ. ಗೋಫಿಯೊ ಎಂಬುದಂತೂ ನಮ್ಮ ಹುರಿಹಿಟ್ಟಿನ ಹಾಗೆಯೇ, ಹುರಿದ ಧಾನ್ಯದ ಪುಡಿ. ಸ್ಪೇನಿನವರು ಬರುವ ಮೊದಲು ಅಲ್ಲಿದ್ದ ಮೂಲನಿವಾಸಿಗಳ ಆಹಾರ ಅದು. ಬೇಳೆಯ ಸಾರು ಕಂಡರೆ ಮಾತ್ರ ಮಾಂಸ ಬಿದ್ದಿದೆಯೇ ಎಂದು ಕೇಳಿಕೊಳ್ಳಿ. ಓದುವ ಹವ್ಯಾಸವಿದ್ದವರು ತೀಯಾಸ್‌ನಲ್ಲಿ ಪೋರ್ಚುಗಲ್‌ನ ಕಾದಂಬರಿಕಾರ ಜೋಸೆ ಸರಮಾಗೊ ಅವರ ಮನೆಗೆ ಒಂದು ಬೆಳಗನ್ನು ಕೊಡಬೇಕು. ಯೇಸುವಿನ ಬದುಕನ್ನು ಕುರಿತ ಅವರ ಕಾದಂಬರಿಯನ್ನು ಪೋರ್ಚುಗಲ್ ಸರಕಾರ ಯುರೋಪಿನ ಪ್ರಶಸ್ತಿಯೊಂದಕ್ಕೆ ಹೋಗದಂತೆ ತಡೆದ ಮೇಲೆ, 1993ರಿಂದ 2010ರಲ್ಲಿ ತೀರಿಕೊಳ್ಳುವವರೆಗೆ ಅವರು ಬಾಳಿದ್ದು ಇಲ್ಲಿ. 1998ರಲ್ಲಿ ನೊಬೆಲ್ ಬಂದಾಗಲೂ ಇದೇ ಅವರ ಮನೆ.

ಕೊನೆಗೆ ದಿನಾಂಕ ಮತ್ತು ಕಾಗದಪತ್ರ. ಕ್ರಿಸ್‌ಮಸ್ ವಾರದಲ್ಲಿ ಬೆಲೆಯೂ ಜನವೂ ವಿಪರೀತ. ಶಾಲೆಯ ರಜೆಗೆ ಕಟ್ಟುಬೀಳದವರು ಜನವರಿ 5ರ ಮೂವರು ರಾಜರ ಮೆರವಣಿಗೆ ಮುಗಿದ ಮೇಲೆ ಹೋಗಲಿ. ಟಿಕೆಟ್ ಇಳಿದಿರುತ್ತದೆ, ಹಾದಿಗಳು ಬಿಡುವಾಗಿರುತ್ತವೆ. ಕಾರು ಬಾಡಿಗೆಗೆ ಹಿಡಿಯಿರಿ, ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಬ್ರಿಟನ್ ಅಥವಾ ಐರ್ಲೆಂಡ್‌ನ ವಾಸದ ಪರವಾನಗಿ ಇದ್ದರೆ ಸಾಲದು, ಆ ಎರಡೂ ಷೆಂಗೆನ್ ಕೂಟದಲ್ಲಿಲ್ಲ. ಜರ್ಮನಿಯ ಪರವಾನಗಿ ಇರುವವರು ಬೇರೆ ವೀಸಾ ಇಲ್ಲದೆಯೇ ಹೋಗಬಹುದು. ವೀಸಾಕ್ಕೆ ಅರ್ಜಿ ಹಾಕುವವರು ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ ತೋರಿಸಬೇಕು. ಅರ್ಜಿಯನ್ನು ಹೊರಡುವ ದಿನಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಜನವರಿ ಕೊನೆಯ ವಾರಕ್ಕೆ ಹೊರಡುವವರು ಜುಲೈ ಕೊನೆಯಲ್ಲೇ ಸರದಿ ಹಿಡಿಯಲಿ.